ಕೌದಿಯೆಂಬ ಗೃಹಶಿಲ್ಪ

ಉತ್ತರ ಕರ್ನಾಟಕದ ಹಳ್ಳಿಯ ಮನೆಗಳಲ್ಲಿ ಬಟ್ಟೆಗೆ ಮರಣವೆಂಬುದು ಅಷ್ಟು ಸುಲಭವಾಗಿ ಒದಗತಕ್ಕದ್ದಲ್ಲ. ಮದುವೆಗೆಂದು ತಂದ ಇಳಕಲ್ ಸೀರೆ ಕೆಲವು ವರ್ಷ ಹಬ್ಬ ಜಾತ್ರೆಗಳಿಗೆ ಮೀಸಲಾಗಿದ್ದು, ತರುವಾಯ ನಿತ್ಯದ ಉಡುಗೆಯಾಗಿ, ಅನಂತರ ಹೊಲದ ಕೆಲಸಕ್ಕಿಳಿದು, ಕಡೆಗೆ ಮೊಣಕಾಲ ಹತ್ತಿರ ಒಂದು ಕಡೆ, ಸೊಂಟದ ಹತ್ತಿರ ಒಂದು ಕಡೆ ಎಳೆ ಬಿಟ್ಟು, ಇನ್ನು ಇದು ಉಡಲು ಬಾರದೆಂದು ಮನೆಯಾಕೆ ತೀರ್ಮಾನಿಸಿದ ದಿನವೂ ಹೊಸ್ತಿಲು ದಾಟಿ ಹೊರಗೆ ಹೋಗುವುದಿಲ್ಲ. ಯಜಮಾನನ ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಮುದುಕಿಯ ಹಳೆಯ ಕುಬಸ, ದರ್ಜಿಯ ಅಂಗಡಿಯಿಂದ ಕೇಳಿ ತಂದ ಚೂರುಪಾರು ಇವೆಲ್ಲ ಕೂಡಿಬಿದ್ದಿರುವ ಗಂಟೊಂದನ್ನು ಸೇರಿ, ಅಲ್ಲಿ ತನ್ನ ಸರದಿಗಾಗಿ ಕಾಯುತ್ತದೆ. ಗಂಟು ತಕ್ಕಷ್ಟು ದಪ್ಪವಾಯಿತೆಂದರೆ ಆ ವರ್ಷದ ಬೇಸಗೆಯಲ್ಲಿ ಮನೆಗೊಂದು ಹೊಸ ಕೌದಿಯಾಗುತ್ತದೆ.

ಕಂಬಳಿಯನ್ನು ಬಲ್ಲವರೆಲ್ಲರೂ ಕೌದಿಯನ್ನು ಬಲ್ಲರೆಂದು ಹೇಳಲಾಗದು. ಕಂಬಳಿ ಕುರಿಯ ಉಣ್ಣೆಯದು. ಅದನ್ನು ನೇಯಲು ಮಗ್ಗ ಬೇಕು, ವಂಶಪರಂಪರೆಯಿಂದ ಬಂದ ಕೈಗಾರಿಕೆ ಬೇಕು, ಕೊಳ್ಳುವವನಿಗೆ ಹಣವೂ ಬೇಕು. ಕೌದಿಗಾದರೋ ಒಂದು ದಪ್ಪ ಸೂಜಿ, ನೂಲಿನ ದಾರ, ಹಳೆಯ ಅರಿವೆ, ಸಾಕಷ್ಟು ಹೊತ್ತು ಇವಿಷ್ಟು ಇದ್ದರೆ ಆಯಿತು. ಅಡಿಗೊಂದು, ಮೇಲಕ್ಕೊಂದು, ನಡುವೆ ಎರಡೋ ಮೂರೋ ಪದರ ಹಳೆಯ ಬಟ್ಟೆಯನ್ನು ಹಾಸಿ, ಎಲ್ಲವನ್ನೂ ಒಟ್ಟಿಗೆ ಹಿಡಿದು, ಬೆರಳಿನಗಲದ ಅಂತರದಲ್ಲಿ ಸಾಲುಸಾಲಾಗಿ ಓಟಹೊಲಿಗೆ ಹಾಕುತ್ತ ಹೋದರೆ ಅದು ಕೌದಿ. ಬೇಸಗೆಯಲ್ಲಿ ಹಾಸಲೂ ಚಳಿಗಾಲದಲ್ಲಿ ಹೊದೆಯಲೂ ಒದಗುವ ಈ ವಸ್ತು ಬೆಚ್ಚಗಿರುವ ಕಾರಣವನ್ನು ವಿಚಾರಿಸಿದರೆ, ಅದು ಬಟ್ಟೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಬಟ್ಟೆಬಟ್ಟೆಗಳ ನಡುವಣ ಗಾಳಿಯಲ್ಲಿದೆಯೆಂದು ತಿಳಿದುಬರುತ್ತದೆ. ಪದರಗಳ ಮಧ್ಯೆ ಸಿಕ್ಕಿಕೊಂಡ ಗಾಳಿ ಅತ್ತಿತ್ತ ಸರಿದಾಡಲಾರದೆ ನಿಂತು, ಮೈಯ ಕಾವನ್ನು ಹೊರಗೆ ಬಿಡದೆ ತಡೆಯುತ್ತದೆ. ನೂರಾರು ಸಲ ಒಗೆಸಿಕೊಂಡ ಹತ್ತಿಬಟ್ಟೆಯ ಎಳೆಗಳು ಹಾಕಿದ ಗಂಜಿಯನ್ನೆಲ್ಲ ಕಳೆದುಕೊಂಡು ನವಿರಾಗಿ ಎದ್ದು ನಿಂತಿರುವುದರಿಂದ, ಹೊಸ ಬಟ್ಟೆಗಿಂತ ಹಳೆಯ ಬಟ್ಟೆಯೇ ಈ ಕೆಲಸಕ್ಕೆ ಮೇಲು. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಕೌದಿಯ ಗುಣವೂ ಇಂದಿನ ಅದರ ಕಷ್ಟವೂ ಎರಡೂ ಇಲ್ಲಿಂದಲೇ ಹುಟ್ಟತಕ್ಕವು.

ಹಳೆಯ ಬಟ್ಟೆಯಿಂದ ಹೊದಿಕೆ ಮಾಡುವ ಉಪಾಯ ಲೋಕದಲ್ಲಿ ಇದೊಂದೇ ಅಲ್ಲ. ಪಾಶ್ಚಾತ್ಯ ದೇಶಗಳ ಗೃಹಿಣಿಯರು ಹರಿದ ಮೇಲುಹಾಸನ್ನೂ ಅಂಗಿಯನ್ನೂ ನೀಳವಾದ ಪಟ್ಟಿಗಳಾಗಿ ಸೀಳಿ, ತುದಿಗೆ ತುದಿ ಸೇರಿಸಿ ಉಂಡೆ ಸುತ್ತಿ, ದಪ್ಪನೆಯ ಕ್ರೋಶಾ ಕಡ್ಡಿಯಿಂದ ಕುಣಿಕೆಗೆ ಕುಣಿಕೆ ಕೋದು ಚಾಪೆಯನ್ನೋ ಹೊದಿಕೆಯನ್ನೋ ಹೆಣೆಯುವುದುಂಟು. ಉಣ್ಣೆಯ ದಾರಕ್ಕೆ ಹಣವಿಲ್ಲದ ಕಾಲದಲ್ಲಿ ಅಲ್ಲಿಯೂ ಇದು ಬಡವರ ಆಸರೆಯಾಗಿತ್ತು. ಜಪಾನಿನ ಉತ್ತರ ಭಾಗದಲ್ಲಿ, ಚಳಿಯ ದೆಸೆಯಿಂದ ಹತ್ತಿಯೇ ಬೆಳೆಯದ ಸೀಮೆಯಲ್ಲಿ, ದಕ್ಷಿಣದಿಂದ ಹಡಗಿನಲ್ಲಿ ಬಂದ ಹಳೆಯ ಬಟ್ಟೆಗಳನ್ನು ಕೊಂಡು, ಸಣ್ಣ ಪಟ್ಟಿಗಳಾಗಿ ಹರಿದು, ಅವನ್ನೇ ಹೊಕ್ಕಾಗಿ ಹಾಕಿ ಮಗ್ಗದಲ್ಲಿ ನೇಯುತ್ತಿದ್ದರು. ಪಾಶ್ಚಾತ್ಯರ ಕ್ರೋಶಾ ಕಡ್ಡಿಯಿಂದ ಹೆಣೆದ ಹೊದಿಕೆ ನೋಡಲು ಚೆಲುವಾದರೂ ಕೌದಿಗಿಂತ ತೂಕ ಹೆಚ್ಚು, ಕಣ್ಣುಗಳ ನಡುವೆ ಗಾಳಿ ನುಸುಳುವುದೂ ಹೆಚ್ಚು. ಸ್ವದೇಶಾಭಿಮಾನದಿಂದ ಈ ಮಾತು ಬಂತೆಂದು ಯಾರಾದರೂ ದೂರಿದರೆ ನಾನು ಅಲ್ಲಗಳೆಯುವುದಿಲ್ಲ; ಆದರೂ ಮಾಗಿಯ ರಾತ್ರಿಯಲ್ಲಿ ಎರಡರಲ್ಲೊಂದನ್ನು ಆರಿಸಿಕೊಳ್ಳೆಂದರೆ ನನ್ನ ಕೈ ಕೌದಿಯತ್ತಲೇ ಹೋದೀತು.

ನಮ್ಮ ದೇಶದಲ್ಲಂತೂ ಇದರ ಬಂಧುಬಳಗ ದೊಡ್ಡದು. ಮಹಾರಾಷ್ಟ್ರದ ಗೋಧಡಿ, ವಂಗದೇಶದ ಕಾಂಥಾ, ಬಿಹಾರದ ಸುಜನಿ ಎಲ್ಲವೂ ಇದೇ ಕುಲದವು. ಇನ್ನೂ ಹಿಂದಕ್ಕೆ ಹೋದರೆ, ಬೌದ್ಧ ಭಿಕ್ಷುಗಳು ಧೂಳಿನಲ್ಲಿ ಬಿದ್ದ ಚಿಂದಿಯನ್ನು ಆಯ್ದು ಹೊಲಿದು ಧರಿಸುತ್ತಿದ್ದುದೂ, ಮಗಧದ ಬತ್ತದ ಗದ್ದೆಗಳ ಬದುಗಳ ವಿನ್ಯಾಸವನ್ನು ತೋರಿಸಿ ಅದೇ ಮಾದರಿಯಲ್ಲಿ ಚೀವರವನ್ನು ಹೊಲಿಯಲು ಬುದ್ಧದೇವನು ಆನಂದನಿಗೆ ಹೇಳಿದುದೂ ವಿನಯಪಿಟಕದಲ್ಲಿ ನಿರೂಪಿತವಾಗಿವೆ. ವಿರಾಗಿಯು ಬೇಕೆಂದು ಬರಮಾಡಿಕೊಂಡ ಬಡತನವೂ ಸಂಸಾರಿಯು ಬೇಡವೆಂದರೂ ಬಿಡದ ಬಡತನವೂ ಒಂದೇ ಬಗೆಯ ಬಟ್ಟೆಯನ್ನು ಹೊಲಿದುವೆಂಬುದು ವಿನೋದದ ಸಂಗತಿ.

ಇನ್ನು ಕೌದಿ ಹೊಲಿಯುವ ಕ್ರಮ. ಸುಗ್ಗಿ ಮುಗಿದು, ಕಾಳುಕಡಿ ಮನೆ ಸೇರಿ, ಮುಂಗಾರು ಬರಲು ಇನ್ನೂ ತಿಂಗಳುಗಳಿರುವ ಬಿಡುವಿನ ಕಾಲ ಇದಕ್ಕೆ ತಕ್ಕದ್ದು. ಗುಡಿಯ ಮುಂದಣ ಬಯಲೋ ಬೇವಿನ ಮರದ ನೆರಳೋ ಮನೆಯ ಪಡಸಾಲೆಯೋ, ಒಟ್ಟಿನಲ್ಲಿ ಆರು ಏಳು ಅಡಿ ಉದ್ದದ ಬಟ್ಟೆಯನ್ನು ಸುಕ್ಕಿಲ್ಲದೆ ಹಾಸುವಷ್ಟು ನೆಲ ಸಿಕ್ಕರೆ ಸಾಕು. ಚೌಕಟ್ಟಿಲ್ಲ, ಮೇಜಿಲ್ಲ, ಅಳತೆಯ ಪಟ್ಟಿಯೂ ಇಲ್ಲ. ಅಳತೆ ಬೇಕಾದರೆ ಗೇಣಿದೆ, ಮೊಳವಿದೆ. ಅಡಿಯ ಬಟ್ಟೆಯಾಗಿ ಸಾಮಾನ್ಯವಾಗಿ ಇಡಿಯ ಸೀರೆಯೊಂದನ್ನು ಮಡಿಚಿ ಹಾಸುತ್ತಾರೆ. ಅದರ ಮೇಲೆ ಒಳಪದರವಾಗಿ, ಹೊರಗೆ ತೋರಿಸಲಾಗದಷ್ಟು ಜೀರ್ಣವಾದ ಚಿಂದಿಗಳು. ಎಲ್ಲಕ್ಕೂ ಮೇಲೆ, ಬಣ್ಣ ಉಳಿದಿರುವ ಗಟ್ಟಿ ತುಂಡುಗಳು: ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದಲ್ಲಿ ಕುಬಸ ಹೊಲಿದು ಉಳಿದ ಮೂಲೆ, ಚೌಕುಳಿಯ ಲುಂಗಿ, ಶಾಲೆಗೆ ಹೋಗುವ ಹುಡುಗಿಯ ನೀಲಿ ಲಂಗ. ಕೆಲವರು ಈ ತುಂಡುಗಳನ್ನು ಚೌಕವಾಗಿಯೂ ತ್ರಿಕೋಣವಾಗಿಯೂ ಕತ್ತರಿಸಿ ನಡುವೆ ಒಂದು ಹೂವನ್ನೋ ಪಗಡೆಯ ಹಾಸನ್ನೋ ಮೂಡಿಸುತ್ತಾರೆ. ಬೇರೆ ಕೆಲವರು ಇದ್ದುದನ್ನು ಇದ್ದಂತೆ ಹೊಂದಿಸಿ, ಎಲ್ಲಿ ಯಾವ ತುಂಡು ಸಾಲದೋ ಅಲ್ಲಿ ಇನ್ನೊಂದನ್ನು ಕೂಡಿಸುತ್ತಾರೆ. ಎರಡನೆಯ ಪಂಗಡದವರ ಕೌದಿಗಳೇ ಹೆಚ್ಚು ಸೊಗಸೆಂದು ನನ್ನ ಅಭಿಪ್ರಾಯ. ಮೊದಲಿನವರು ಮನಸ್ಸಿನಲ್ಲಿರುವ ಚಿತ್ರಕ್ಕೆ ಬಟ್ಟೆಯನ್ನು ಒಗ್ಗಿಸುತ್ತಾರೆ. ಇವರಾದರೋ ಬಟ್ಟೆ ಕೇಳಿದಂತೆ ನಡೆದು, ಯಾರೂ ಎಣಿಸಿರದ ವರ್ಣಸಂಯೋಜನೆಯನ್ನು ತಾವೇ ಕಂಡು ಬೆರಗಾಗುತ್ತಾರೆ.

ಎಲ್ಲ ಮನೆಗಳ ಹೆಂಗಸರಿಗೂ ಇಡಿಯ ಕೌದಿಯನ್ನು ತಾವೇ ಹೊಲಿದು ಮುಗಿಸುವ ಬಿಡುವಿರುವುದಿಲ್ಲ. ಅಂಥವರಿಗೆ ನೆರವಾಗುತ್ತಿದ್ದವರು, ಇಂದಿಗೂ ಕೆಲವೆಡೆ ಆಗುತ್ತಿರುವವರು, ಗೋಂದಲಿಗರ ಹೆಂಗಸರು. ಗಂಡಸರು ರಾತ್ರಿಯಿಡೀ ಸಂಬಾಳ ಬಾರಿಸಿ ಅಂಬಾಭವಾನಿಯ ಗೋಂದಲ ಹಾಕುವವರು. ಹೆಂಗಸರು ಹಗಲಿನಲ್ಲಿ ಊರೂರು ತಿರುಗಿ ಕೌದಿ ಹೊಲಿಯುವವರು. ಬಟ್ಟೆಯನ್ನು ಮನೆಯವರು ಕೊಡಬೇಕು, ಕೈಕೆಲಸ ಇವರದು, ಕೂಲಿ ಹಿಂದೆ ಬಹುಮಟ್ಟಿಗೆ ಜೋಳದ ರೂಪದಲ್ಲಿಯೂ ಇಂದು ಹಣದ ರೂಪದಲ್ಲಿಯೂ ಸಲ್ಲತಕ್ಕದ್ದು. ಈ ಏರ್ಪಾಡಿನಲ್ಲಿ ಕೌದಿಯು ಕೊಂಡ ವಸ್ತುವೂ ಆಗದೆ, ಪೂರ್ತಿಯಾಗಿ ಮನೆಯಲ್ಲಿ ಮಾಡಿದ ವಸ್ತುವೂ ಆಗದೆ, ಎರಡರ ನಡುವೆ ನಿಲ್ಲುತ್ತದೆಂಬುದನ್ನು ಗಮನಿಸಬೇಕು. ಹೊಲಿಗೆ ಪರರದಾದರೂ ಅದರೊಳಗಿನ ಪ್ರತಿಯೊಂದು ತುಂಡೂ ತನ್ನ ಮನೆಯದು. ಇದು ಅಜ್ಜನ ರುಮಾಲು, ಇದು ಸಣ್ಣಾಕೆಯ ಸೀಮಂತದ ಸೀರೆ ಎಂದು ಮನೆಯ ಮುದುಕಿ ಮೊಮ್ಮಕ್ಕಳಿಗೆ ಬೆರಳಿಟ್ಟು ತೋರಿಸಬಲ್ಲಳು.

ಮನುಷ್ಯನ ಆಯುಷ್ಯದ ಮೊದಲ ದಿನದಿಂದಲೂ ಕೌದಿ ಅವನ ಸಂಗಾತಿಯೇ. ಹುಟ್ಟಿದ ಕೂಸಿಗೆ ಹಳೆಯ ಮೆತ್ತನೆಯ ಬಟ್ಟೆಯ ಪುಟ್ಟ ಕೌದಿಯೊಂದು, ಅದರೊಡನೆ ಬಣ್ಣಬಣ್ಣದ ತುಂಡುಗಳಿಂದ ಹೊಲಿದ ಕುಲಾವಿ, ಕುಂಚಿಗೆ ಇವು ತವರಿನವರ ಕಡೆಯಿಂದ ಬರತಕ್ಕವು. ಹೊಸ ಬಟ್ಟೆ ಎಳೆಯ ಚರ್ಮಕ್ಕೆ ಒರಟಾಗುವುದೆಂಬ ಅನುಭವ ಇದರ ಹಿಂದಿದೆ. ಮನೆಯಲ್ಲಿ ಎಷ್ಟು ಕೌದಿಗಳಿವೆಯೆಂಬುದರ ಮೇಲೆ ಅಲ್ಲಿ ಎಷ್ಟು ಮಂದಿ ನೆಂಟರನ್ನು ಮಲಗಿಸಬಹುದೆಂಬುದೂ, ಆದಕಾರಣ ಆ ಮನೆಯ ಘನತೆಯೂ ನಿರ್ಣಯವಾಗುತ್ತಿದ್ದ ಕಾಲವೊಂದಿತ್ತು. ಹಗಲಿನಲ್ಲಿ ಅವುಗಳನ್ನು ಮಡಿಚಿ ಗಳದ ಮೇಲೆ ಪೇರಿಸಿಟ್ಟರೆ ಕತ್ತಲೆಯ ಒಳಮನೆಗೆ ಅದೊಂದೇ ಅಲಂಕಾರ. ದಸರೆ ಹತ್ತಿರ ಬಂದಾಗ ಮನೆ ಸಾರಿಸಿ ಸುಣ್ಣ ಬಳಿಯುವುದರ ಜೊತೆಗೆ ಹಾಸಿಗೆ ಹೊದಿಕೆಗಳನ್ನೆಲ್ಲ ಹೇರಿಕೊಂಡು ಹಳ್ಳಕ್ಕೆ ಹೋಗುವ ಪದ್ಧತಿಯಿದೆ. ಒಣಗಿದಾಗ ಹಗುರಾಗಿರುವ ಕೌದಿ ನೀರು ಕುಡಿದ ಮೇಲೆ ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರು ಎರಡು ಕೊನೆಗಳನ್ನು ಹಿಡಿದು ಎದುರುಬದುರಾಗಿ ತಿರುಚಿ ಹಿಂಡಬೇಕು. ದಖ್ಖನಿನ ಕೆಲವು ಕಡೆ, ಹೊಲಿಗೆ ಮುಗಿಯುತ್ತ ಬಂದಾಗ ಕೊನೆಯ ಮೂಲೆಯೊಳಗೆ ರೊಟ್ಟಿಯ ಒಂದು ಚೂರನ್ನಿಟ್ಟು ಮುಚ್ಚಿಬಿಡುವ ವಾಡಿಕೆಯೂ ಉಂಟು. ಮನೆಯವರನ್ನೆಲ್ಲ ಕಾಯುವ ಕೌದಿ ತಾನು ಹಸಿದಿರಬಾರದೆಂಬುದು ಅದರ ಇಂಗಿತ.

ಈ ಕಲೆಯ ಅತ್ಯಂತ ಸ್ವಾರಸ್ಯಕರವಾದ ಶಾಖೆಯೊಂದನ್ನು ಕಾಣಬೇಕಾದರೆ ಬಯಲುಸೀಮೆಯನ್ನು ಬಿಟ್ಟು ಪಶ್ಚಿಮಕ್ಕೆ ಸರಿದು, ಉತ್ತರ ಕನ್ನಡ ಜಿಲ್ಲೆಯ ಕಾಡುಗಳನ್ನು ಹೊಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ ಈ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರು ನೆಲೆಸಿದ್ದಾರೆ. ಇವರ ಪೂರ್ವಿಕರು ಆಫ್ರಿಕಾ ಖಂಡದವರು. ಪೂರ್ವ ಆಫ್ರಿಕಾದ ತೀರದಿಂದ ಅರಬ್ಬರೂ ಪೋರ್ಚುಗೀಸರೂ ಗುಲಾಮರನ್ನಾಗಿ ಹಡಗು ಹತ್ತಿಸಿ ತಂದು ಗೋವೆಯಲ್ಲಿ ಮಾರಿದ ಜನರಲ್ಲಿ, ಒಡೆಯರ ಕಾಟವನ್ನು ತಾಳಲಾರದೆ ಗಡಿ ದಾಟಿ ಸಹ್ಯಾದ್ರಿಯ ಮಲೆಗಳಲ್ಲಿ ಮರೆಯಾದವರ ಸಂತತಿಯವರೇ ಇಲ್ಲಿ ಬಹುಮಂದಿ. ಅಹಮದನಗರದ ರಾಜ್ಯವನ್ನು ಆಳಿ ಮೊಗಲರನ್ನು ದಣಿಸಿದ ಮಲಿಕ್ ಅಂಬರನೂ ಆಫ್ರಿಕಾದಿಂದ ಗುಲಾಮನಾಗಿಯೇ ಬಂದವನು. ಆದರೆ ಇತಿಹಾಸದ ಪುಟ ಅವನಂಥವರಿಗೆ ದೊರೆಯಿತು, ಕಾಡು ಸೇರಿದವರಿಗೆ ದೊರೆಯಲಿಲ್ಲ. ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಮನೆಯ ಮಾತು ಕೊಂಕಣಿಯ ಒಂದು ಪ್ರಭೇದ, ಸಂತೆಯಲ್ಲಿ ಶಾಲೆಯಲ್ಲಿ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ಈ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಗೆ ಅವರಲ್ಲಿ ಕವಂದಿಯೆಂದು ಹೆಸರು. ಮಲೆನಾಡಿನ ಮಳೆಗಾಲದ ತೇವಕ್ಕೂ ಅದರ ಬೆನ್ನಿಗೆ ಬರುವ ಚಳಿಗೂ ಇದಕ್ಕಿಂತ ಅಗ್ಗದ ಮದ್ದಿಲ್ಲ. ಇದರ ಹೊಲಿಗೆಯ ಕ್ರಮ ನಿಜವಾಗಿಯೂ ವಿಚಾರ ಮಾಡತಕ್ಕದ್ದು. ಪಾಶ್ಚಾತ್ಯರ ತೇಪೆಹೊದಿಕೆಯಲ್ಲಿ ಮೊದಲು ಮೇಲಿನ ತುಂಡುಗಳನ್ನೆಲ್ಲ ಒಂದಕ್ಕೊಂದು ಕೂಡಿಸಿ ಪೂರ್ಣವಾದೊಂದು ಹಾಸನ್ನು ಸಿದ್ಧಮಾಡಿಕೊಂಡು, ಅನಂತರ ಅದನ್ನು ಚೌಕಟ್ಟಿಗೆ ಬಿಗಿದು ಒಳಪದರ ಅಡಿಪದರಗಳೊಡನೆ ಹೊಲಿಯುತ್ತಾರೆ. ಕೆಲಸ ಎರಡು ಘಟ್ಟಗಳಲ್ಲಿ ಸಾಗುವುದು. ಸಿದ್ದಿಯ ಹೆಂಗಸು ಹಾಗೆ ಮಾಡುವುದಿಲ್ಲ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿಕೊಂಡು, ಒಂದು ಮೂಲೆಯಲ್ಲಿ ಮೊದಲ ತುಂಡನ್ನು ಇಟ್ಟು, ಅದರ ಅಂಚನ್ನು ಒಳಕ್ಕೆ ಮಡಿಚಿ, ಎಲ್ಲ ಪದರಗಳನ್ನೂ ತೂರಿಹೋಗುವಂತೆ ಸೂಜಿ ಹಾಕಿ ಅಲ್ಲಿಂದ ಅಂಚಿನುದ್ದಕ್ಕೂ ಹೊರಡುತ್ತಾಳೆ. ಸಾಲು ಮೂಲೆಗೆ ಬಂದಾಗ ತಿರುಗುತ್ತದೆ, ಮತ್ತೊಂದು ಮೂಲೆಗೆ ಬಂದಾಗ ಮತ್ತೆ ತಿರುಗುತ್ತದೆ. ಹೀಗೆ ನಾಲ್ಕೂ ಕಡೆ ಸುತ್ತಿ ಹೊರಟ ಜಾಗಕ್ಕೆ ಬಂದು, ಅದರ ಒಳಮಗ್ಗುಲಲ್ಲಿ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ಹೊಲಿಗೆ ಹೊರಗಿನಿಂದ ಒಳಕ್ಕೆ, ಬಾವಿಯ ಸುತ್ತಲಿನ ಮೆಟ್ಟಿಲಿನಂತೆ ಇಳಿಯುತ್ತ ಹೋಗಿ, ಕಡೆಗೆ ನಟ್ಟನಡುವೆ ನಿಲ್ಲುತ್ತದೆ. ತುಂಡನ್ನು ಕೂಡಿಸುವ ಹೊಲಿಗೆ, ಪದರವನ್ನು ಬಿಗಿಯುವ ಹೊಲಿಗೆ ಎಂಬ ಭೇದ ಇಲ್ಲಿಲ್ಲ. ಒಂದೇ ಸೂಜಿ ಒಂದೇ ಎಳೆತದಲ್ಲಿ ಎರಡನ್ನೂ ನೆರವೇರಿಸುತ್ತದೆ. ಮುಂದಿನ ತುಂಡು ಯಾವುದೆಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಅಗತ್ಯವೂ ಇಲ್ಲವಾದುದರಿಂದ, ಬಟ್ಟೆ ಮುಗಿದರೆ ನಿಲ್ಲಿಸಿ, ತಿಂಗಳಾದ ಮೇಲೆ ಬೇರೊಂದು ಅಂಗಿ ಹರಿದಾಗ ಮತ್ತೆ ಮುಂದುವರಿಸಲು ಅಡ್ಡಿಯಿಲ್ಲ. ಕೂಲಿ ಮಾಡಿ ಬದುಕುವ ಹೆಂಗಸಿಗೆ, ಬಿಡುವೂ ಬಟ್ಟೆಯೂ ಚೂರುಚೂರಾಗಿಯೇ ದೊರೆಯುವಲ್ಲಿ, ಇದಕ್ಕಿಂತ ಯುಕ್ತವಾದ ವಿಧಾನವನ್ನು ಯಾವ ಶಿಲ್ಪಶಾಸ್ತ್ರಜ್ಞನೂ ಸೂಚಿಸಲಾರನು.

ನಡುವಿನ ತುಂಡು ಸೇರಿದರೂ ಕವಂದಿ ಮುಗಿಯಿತೆಂದು ಭಾವಿಸಕೂಡದು. ಪುಟ್ಟ ಬಟ್ಟೆಯ ತುಂಡುಗಳನ್ನು ತ್ರಿಕೋಣವಾಗಿ ಮಡಿಚಿ, ಒಂದರ ಮೇಲೊಂದು ಪೋಣಿಸಿದಂತೆ ಇಟ್ಟು, ನಾಲ್ಕು ಮೂಲೆಗಳಿಗೂ ಹೊಲಿಯಬೇಕು. ಇದಕ್ಕೆ ಫೂಲವೆನ್ನುತ್ತಾರೆ. ಫೂಲವಿಲ್ಲದ ಕವಂದಿ ಉಡುಗೆಯಿಲ್ಲದ ಮೈಯಂತೆಂದು ಅವರ ಭಾವನೆ. ಚಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬಟ್ಟೆಯ ಉಳಿತಾಯವೇ ಸರ್ವಸ್ವವಾದಲ್ಲಿ ಈ ನಾಲ್ಕು ಮೂಲೆಗಳಿಗಾಗಿ ತೆತ್ತ ಬಟ್ಟೆಯೂ ಹೊತ್ತೂ ದಂಡವೆಂದೇ ಹೇಳಬೇಕಾಗುವುದು. ದಾರಿದ್ರ್ಯವೇ ಈ ಕಲೆಯ ತಾಯಿಯೆಂದು ಸುಲಭವಾಗಿ ತೀರ್ಪು ಕೊಡುವವರು ಈ ಮೂಲೆಗಳನ್ನು ಒಮ್ಮೆ ನೋಡಬೇಕು. ಕೂಸಿನ ಕವಂದಿಗಳಲ್ಲಿ ಬಣ್ಣದ ಪುಟ್ಟ ಚೌಕಗಳನ್ನು ಇನ್ನೂ ಧಾರಾಳವಾಗಿ ಹೊಲಿಯುತ್ತಾರೆ. ಕ್ರೈಸ್ತರ ಮನೆಯದರಲ್ಲಿ ಶಿಲುಬೆಯೂ ಮುಸಲ್ಮಾನರ ಮನೆಯದರಲ್ಲಿ ಬಾಲಚಂದ್ರನೂ ಕಾಣಿಸಿಕೊಳ್ಳುವುದುಂಟು. ಉಳಿದಂತೆ ಮೂರು ಮತದವರ ಹೊಲಿಗೆಯೂ ಒಂದೇ.

ಕಾಡಿನೊಳಗಣ ಈ ಕಸುಬು ಹೊರಗಿನವರ ಕಣ್ಣಿಗೆ ಬಿದ್ದುದು ಇತ್ತೀಚೆಗೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದ ಹೆನ್ರಿ ಡ್ರೂವಲ್ ಎಂಬ ವಿದ್ವಾಂಸರು, ಹಿಂದೂ ಮಹಾಸಾಗರದ ಈಚೆಯ ದಡಕ್ಕೆ ಬಂದ ಆಫ್ರಿಕನ್ನರ ಜಾಡನ್ನು ಅರಸುತ್ತ ಉತ್ತರ ಕನ್ನಡಕ್ಕೆ ಬಂದು, ಬಿಸಿಲಿಗೆ ಹಾಕಿದ್ದ ಈ ಹೊದಿಕೆಗಳ ಸೊಬಗಿಗೆ ಮಾರುಹೋದರು. ಅವರ ಪ್ರೋತ್ಸಾಹದಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ಮಿನಲ್ಲಿರುವ, ಕರಿಯ ಜನರ ಸಂಸ್ಕೃತಿಗೆ ಮೀಸಲಾದ ಷೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಮಲಗಲು ಹೊಲಿದ ವಸ್ತುಗಳು ಗೋಡೆಯ ಮೇಲೆ ನಿಂತು ಪ್ರೇಕ್ಷಕರನ್ನು ಕಂಡುವು.

ಅಮೆರಿಕದವರಿಗೆ ಈ ಕವಂದಿಗಳು ಏಕೆ ಅಷ್ಟು ಹಿಡಿಸಿದುವೆಂಬುದಕ್ಕೆ ಬೇರೊಂದು ಕಾರಣವೂ ಇದೆ. ಅಲಬಾಮಾ ಸಂಸ್ಥಾನದಲ್ಲಿ, ನದಿಯೊಂದು ಕಮಾನಿನಂತೆ ಬಾಗಿ ಮೂರು ಕಡೆಯಿಂದ ಸುತ್ತುವರಿದಿರುವ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಹತ್ತಿಯ ತೋಟಗಳಲ್ಲಿ ದುಡಿದ ಗುಲಾಮರ ವಂಶಜರು ತಮ್ಮ ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಿಂದೀಚೆಗೆ ಅಲ್ಲಿಯ ದೊಡ್ಡ ದೊಡ್ಡ ಕಲಾಸಂಗ್ರಹಾಲಯಗಳಲ್ಲಿ ಪ್ರದರ್ಶಿತವಾಗಿ, 2006ರಲ್ಲಿ ಅಂಚೆಚೀಟಿಗಳ ಮೇಲೆಯೂ ಅಚ್ಚಾಗಿದ್ದುವು. ಒಂದೇ ಖಂಡದಿಂದ ಕಿತ್ತೊಯ್ದ ಎರಡು ಜನಾಂಗಗಳು, ಒಂದು ಪಶ್ಚಿಮದ ಕಡಲನ್ನೂ ಇನ್ನೊಂದು ಪೂರ್ವದ ಕಡಲನ್ನೂ ದಾಟಿ, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಬಗೆಯ ಹೊದಿಕೆಯನ್ನು ಹೊಲಿಯುತ್ತಿರುವುದನ್ನು ಕಂಡಾಗ, ರಕ್ತದಲ್ಲಿಯೇ ಹರಿದುಬಂದ ಸಂಸ್ಕಾರವಿದೆಂದು ಹೇಳುವ ಆಸೆ ಯಾರಿಗಾದರೂ ಆಗುವುದು ಸಹಜ. ಆ ಆಸೆಗೆ ನಾನು ಒಡನೆಯೇ ಒಳಗಾಗಲಾರೆ. ಸಿದ್ದಿಗಳು ನೆಲೆಸಿದ ಸೀಮೆಯ ಸುತ್ತಲೂ, ಧಾರವಾಡದಿಂದ ಬೆಳಗಾವಿಯವರೆಗೆ, ಕೌದಿ ಹೊಲಿಯದ ಊರಿಲ್ಲ. ನೆರೆಯವರಿಂದ ಕಲಿತರೆಂಬುದೇ ಹೆಚ್ಚು ಸಂಭಾವ್ಯ. ಆದರೆ ಆ ದಿಟ್ಟ ಬಣ್ಣಗಳು, ಸಾಲಿನ ಲಯವನ್ನು ಬೇಕೆಂದೇ ಮುರಿದು ಮತ್ತೆ ಹಿಡಿಯುವ ಆ ಧೀರತೆ, ಇವು ಬಯಲುಸೀಮೆಯ ಕೌದಿಯಲ್ಲಿ ಅಷ್ಟಾಗಿ ಇಲ್ಲದಿರುವುದು ಏಕೆಂದು ಕೇಳಿದರೆ ನನ್ನ ತರ್ಕ ಸ್ವಲ್ಪ ತಡವರಿಸುತ್ತದೆ.

ಪೇಟೆಯ ಗಿರಾಕಿ ಬಂದಮೇಲೆ ಕೌದಿಗೆ ಗೌರವವೂ ತೊಡಕೂ ಒಟ್ಟಿಗೆ ಬಂದುವು. ಪಟ್ಟಣದವರು ಕೈಹೊಲಿಗೆಯನ್ನು ಮೆಚ್ಚುತ್ತಾರೆ, ತಕ್ಕ ಬೆಲೆಯನ್ನೂ ಕೊಡುತ್ತಾರೆ. ಆದರೆ ಅನ್ಯರು ಉಟ್ಟು ಬಿಟ್ಟ ಬಟ್ಟೆಯನ್ನು ಹೊದೆಯಲು ಹೇಸುತ್ತಾರೆ. ಹೇಸುವುದನ್ನು ತಪ್ಪೆನ್ನಲಾರೆವು. ಆದಕಾರಣ ಅವರಿಗಾಗಿ ಹೊಸ ಬಟ್ಟೆಯನ್ನು ಕೊಂಡು ಕತ್ತರಿಸಿ ಕೌದಿ ಹೊಲಿಯುವ ಪರಿಪಾಠ ಬೆಳೆದಿದೆ. ಅದು ನೋಡಲು ಅಚ್ಚುಕಟ್ಟಾಗಿರುತ್ತದೆ, ಬಣ್ಣಗಳು ಒಂದಕ್ಕೊಂದು ಒಪ್ಪುತ್ತವೆ, ಕಡಮೆಯಾಗುವುದು ಕಾಲವೊಂದೇ. ಒಂದು ಸೀರೆ ಮೆತ್ತಗಾಗಲು ಹತ್ತು ವರ್ಷ ಬೇಕಾದರೆ ಆ ಹತ್ತು ವರ್ಷವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು? ಈ ಕೈಗಾರಿಕೆಯ ಮುಖ್ಯವಾದ ಕಚ್ಚಾ ಸಾಮಗ್ರಿ ಬಟ್ಟೆಯಲ್ಲವೆಂದೂ, ಸಂಸಾರವೊಂದು ಅದನ್ನು ಉಟ್ಟು ಸವೆಸಿದ ಕಾಲವೆಂದೂ ಒಪ್ಪಿದರೆ, ಹೊಸ ಬಟ್ಟೆಯ ಕೌದಿ ಹೊಲಿಗೆಯ ದೃಷ್ಟಿಯಿಂದ ನಿಷ್ಕಳಂಕವಾಗಿದ್ದೂ ಇನ್ನೂ ಹತ್ತು ವರ್ಷ ಕಾಯಬೇಕಾದ ವಸ್ತುವೆಂದು ಒಪ್ಪಲೇಬೇಕು. ಹಾಗೆಂದು ಅದನ್ನು ಹೊಲಿದು ಸಂಬಳ ಪಡೆಯುವ ಹೆಂಗಸರನ್ನು ಆಕ್ಷೇಪಿಸುವುದು ಅನ್ಯಾಯ. ಹೊಟ್ಟೆಯ ಮುಂದೆ ರಸಿಕತೆ ಮಾತಾಡಬಾರದು. ಇನ್ನೊಂದು ಕಷ್ಟ ಮನೆಯೊಳಗೇ ಹುಟ್ಟಿದುದು: ಹಳ್ಳಿಯಲ್ಲಿಯೂ ಈಗ ನಿತ್ಯದ ಸೀರೆ ಕೃತಕ ನೂಲಿನದಾಗಿದೆ. ಅದು ಹರಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೆವರನ್ನು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಗಂಟು ತುಂಬುತ್ತದೆ, ಆದರೆ ಅದರಿಂದ ಒಳ್ಳೆಯ ಕೌದಿಯಾಗುವುದಿಲ್ಲ. ಅಗ್ಗದ ಯಂತ್ರದ ಹೊದಿಕೆ ಸಂತೆಯಲ್ಲಿ ದೊರೆಯತೊಡಗಿದ ಮೇಲೆ ಎಷ್ಟೋ ಮನೆಗಳಲ್ಲಿ ಗಂಟು ಕಟ್ಟುವ ಅಭ್ಯಾಸವೇ ನಿಂತಿದೆ.

ಇಷ್ಟನ್ನು ಓದಿ, ತನಗೂ ಒಂದು ಕೌದಿ ಬೇಕೆಂದು ಯಾರಿಗಾದರೂ ಅನಿಸಿದರೆ, ಅಂಗಡಿಗೆ ಹೋಗುವ ಮೊದಲು ಸ್ವಂತ ಮನೆಯ ಬೀರುವನ್ನು ತೆರೆದು ನೋಡುವುದು ಲೇಸು. ನಾಲ್ಕಾರು ಹಳೆಯ ಹತ್ತಿಯ ಸೀರೆಗಳು, ಒಂದೆರಡು ಪಂಚೆಗಳು ಕೂಡಿದರೆ ಒಬ್ಬರು ಹೊದೆಯುವಷ್ಟು ಕೌದಿಯಾಗುತ್ತದೆ. ಹುಬ್ಬಳ್ಳಿ ಧಾರವಾಡ ಬೆಳಗಾವಿಗಳ ಆಸುಪಾಸಿನ ಊರುಗಳಲ್ಲಿ ವಿಚಾರಿಸಿದರೆ ಹಳೆಯ ಪದ್ಧತಿಯಂತೆ ಬಟ್ಟೆ ನಮ್ಮದು ಹೊಲಿಗೆ ತಮ್ಮದು ಎಂದು ಒಪ್ಪಿಕೊಂಡು ಹೊಲಿದುಕೊಡುವ ಹೆಂಗಸರು ಈಗಲೂ ಸಿಗುತ್ತಾರೆ. ಬಟ್ಟೆಯನ್ನು ಒಗೆದು ಒಣಗಿಸಿ ಕೊಡಬೇಕು. ಜರಿಯಂಚು ಮೈಗೆ ಚುಚ್ಚುವುದರಿಂದ ಅದನ್ನು ಮೊದಲೇ ಬಿಡಿಸಬೇಕು. ಅಂಗಿಯ ಗುಂಡಿಗಳನ್ನು ಕತ್ತರಿಸಿ ತೆಗೆಯಬೇಕು. ಬಣ್ಣ ಬಿಡುವ ತುಂಡೇನಾದರೂ ಇದ್ದರೆ ಮೇಲುಪದರಕ್ಕೆ ಬಾರದಂತೆ ಎಚ್ಚರ ಹೇಳಬೇಕು. ಕೂಲಿಯಲ್ಲಿ ಚೌಕಾಸಿ ಮಾಡುವ ಮುನ್ನ ಕೌದಿಯೊಂದರ ಅಡಿಭಾಗವನ್ನು ಮೇಲೆ ಮಾಡಿ ಒಂದು ಗೇಣಿನಲ್ಲಿ ಎಷ್ಟು ಹೊಲಿಗೆಗಳಿವೆಯೆಂದು ಎಣಿಸಿ ನೋಡಿದರೆ ಮಾತು ತಾನಾಗಿ ನಿಲ್ಲುತ್ತದೆ. ಕೇಳುವುದಾದರೆ ಯುಗಾದಿಯ ಸುಮಾರಿಗೆ ಕೇಳಬೇಕು; ಮೊದಲ ಮಳೆ ಬಿದ್ದು ಹೊಲದ ಕೆಲಸ ಹತ್ತಿದ ಮೇಲೆ ಸೂಜಿ ಹಿಡಿಯಲು ಯಾರಿಗೂ ಪುರಸತ್ತಿರುವುದಿಲ್ಲ.